ಕೇತೆವಾನ್ ಬಡಾಯಿ ಮರೆತಳು

ಕೇತೆವಾನ್ ಗೋಧಿ ಸೀಮೆಯ ನಮ್ಮೂರು ಹಾರ್ಶಮ್ಮಿಗೆ ಬಂದ ಮೊದಲ ವಾರವೇ ತಪ್ಪು ಮಾಡಿದಳು. ಜಾರ್ಜಿಯಾ ದೇಶದವಳು, ಗೋಧಿಗೆ ಬರುವ ತುಕ್ಕು ರೋಗವನ್ನು ಅರೆದು ಕುಡಿದ ವಿಜ್ಞಾನಿ. ಫುಟ್‌ಬಾಲ್ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಮಾಂಸದ ಪೈ ಕೊಡುತ್ತಾ, "ಏನಮ್ಮ ಕೆಲಸ ನಿಂದು?" ಎಂದೆ. "ತುಕ್ಕು ರೋಗದ ವಿಷಯದಲ್ಲಿ ನನ್ನಂಥವರು ಜಗತ್ತಲ್ಲೇ ಇಲ್ಲ" ಎಂದುಬಿಟ್ಟಳು. ನಿಜವೇ ಇರಬಹುದು. ನಿಜವಾದ ಮಾತ್ರಕ್ಕೆ ಹೇಳಿಬಿಡುವುದೇ?

"ಬನ್ನಿ ಮಹಾರಾಣಿ, ಕಿರೀಟಕ್ಕೂ ಒಂಚೂರು ಸಾಸ್ ಹಾಕ್ಲಾ?" ಎಂದ ಮರ್ವ್ ಟಕೆಟ್. ಊರಿನ ಗೋಧಿ ಸಂಶೋಧನಾ ಕೇಂದ್ರದಲ್ಲಿ ಅವಳ ಮೇಲಧಿಕಾರಿ ಅವನೇ. ಅಂದಿನಿಂದ ಊರಿಗೆಲ್ಲ ಅವಳು ಮಹಾರಾಣಿಯಾದಳು.

ನಮ್ಮಲ್ಲಿ ಯಾರು ತಲೆ ಎತ್ತಿದರೂ ಮೊಟಕುವುದು ವಾಡಿಕೆ. ಪ್ರೀತಿಯಿಂದಲೇ ಮೊಟಕುತ್ತೇವೆ; ನೋವಾಗುವುದು ಮೊಟಕಿಸಿಕೊಂಡವರಿಗೆ ಮಾತ್ರ. ಕೇತೆವಾನ್ ಬುದ್ಧಿವಂತೆ, ಬೇಗ ಕಲಿತಳು. ಒಂದು ವರ್ಷ ಸುತ್ತಲಿನ ಗೋಧಿಯೆಲ್ಲ ಗಾಳಿಯಲ್ಲಿ ತೇಲಿಬರುವ ಈ ರೋಗಕ್ಕೆ ತುತ್ತಾಗುವುದರಲ್ಲಿತ್ತು. ಅವಳು ಮುಂಚೆಯೇ ಗುರುತಿಸಿ, ಔಷಧಿ ಹೊಡೆಸಿ ಬೆಳೆ ಉಳಿಸಿದಳು. ರೈತರು ಬಿಯರ್ ಕೊಡಿಸಲು ಬಂದರೆ, "ಗಾಳಿ ದಿಕ್ಕು ಬದಲಾಯ್ತು ಕಣ್ರೋ, ನಂದೇನಿದೆ?" ಎಂದಳು. ಅಂತೂ ನಮ್ಮವಳಾದಳು ಎಂದು ಹಿಗ್ಗಿದೆವು.

ಅಷ್ಟರಲ್ಲಿ ಅವಳ ವೀಸಾ ಮುಗಿಯುತ್ತ ಬಂತು. ಕಾಯಂ ಆಗಿ ಇಲ್ಲೇ ಇರಬೇಕೆಂದರೆ ತಾನು ಅಸಾಧಾರಣ ಪ್ರತಿಭೆ ಎಂದು ಸರ್ಕಾರವನ್ನು ಒಪ್ಪಿಸಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಾವೆಲ್ಲ ಕ್ಲಬ್ಬಿನಲ್ಲಿ ಊಟಕ್ಕೆ ಕೂತಿದ್ದಾಗ ವೀಸಾ ಅಧಿಕಾರಿಯ ಫೋನು ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ನಿಮ್ಮ ದೊಡ್ಡ ಸಾಧನೆ ಯಾವುದು, ಮೇಡಂ?"

"ಅಯ್ಯೋ, ಅಂಥಾದ್ದೇನಿಲ್ಲ. ಅದೃಷ್ಟ ಚೆನ್ನಾಗಿತ್ತು."

"ಏ ಮಹಾರಾಣಿ, ಬಾಯಿ ಬಿಟ್ಟು ಹೇಳೇ!" ಎಂದು ನಾನು ಕೂಗಿದೆ.

"ನೋರೀನ್, ನೀನು ಸುಮ್ನಿರು" ಎಂದು ಮರ್ವ್ ಫೋನು ಕಿತ್ತುಕೊಂಡ. ಸರ್ಕಾರಕ್ಕೆ ಅವಳ ಹೆಸರನ್ನು ಶಿಫಾರಸು ಮಾಡಿದವನೇ ಅವನು. "ನೋಡಪ್ಪ, ನಮ್ಮ ಹುಡುಗಿ ಪರವಾಗಿಲ್ಲ" ಎಂದ. ಕಟ್ಟಿಕೊಂಡ ಹೆಂಡತಿಯ ಬಗ್ಗೆಯೂ ಅವನು ಇಷ್ಟು ದೊಡ್ಡ ಮಾತಾಡಿದವನಲ್ಲ.

"ಪರವಾಗಿಲ್ಲ ಅಂದ್ರೆ? ಜಗತ್ತಿನಲ್ಲೇ ಮೇಲಿನ ಸಾಲಿನವರಾ, ಸಾರ್?"

ಮರ್ವ್ ನಮ್ಮ ಮುಖಗಳನ್ನೆಲ್ಲ ನೋಡಿದ. ಅಷ್ಟು ಜನರೆದುರು ಒಬ್ಬರನ್ನು ಹೊಗಳುವುದೆಂದರೆ ಅವನಿಗೆ ಬಟ್ಟೆ ಬಿಚ್ಚಿ ನಿಂತಂತೆ. ಕಿವಿ ಕೆಂಪಾದವು. "ಕೆಲಸ ಅಂತೂ ಮಾಡ್ತಾಳೆ" ಎಂದ.

ಅರ್ಜಿ ತಿರಸ್ಕೃತವಾಯಿತು. ಕೆನಡಾದವರು ಬಾ ಎಂದರು, ಅವಳು ಹೊರಟಳು.

ಬೀಳ್ಕೊಡುಗೆಯ ದಿನ ಮರ್ವ್ ಎದ್ದು ನಿಂತ. ಗ್ಲಾಸು ಎತ್ತಿದ. "ಈ ತುಕ್ಕಿನ ವಿಷ್ಯದಲ್ಲಿ ಇವಳಂಥವರು ಜಗತ್ತಲ್ಲೇ ಇಲ್ಲ. ಆವತ್ತೇ ಹೇಳ್ಬೇಕಿತ್ತು" ಎಂದ. ಯಾರೂ ಮೊಟಕಲಿಲ್ಲ.

ಕೇತೆವಾನ್ ಅವನ ಬೆನ್ನು ತಟ್ಟಿದಳು. "ಸುಮ್ನಿರಪ್ಪ ಮರ್ವ್, ಗಾಳಿ ದಿಕ್ಕು ಬದಲಾಯ್ತು, ಅಷ್ಟೆ" ಎಂದಳು, ಅಪ್ಪಟ ಹಾರ್ಶಮ್ಮಿನವಳ ಹಾಗೆ.