ಗಣಿಬಾಯಿಗೆ ಗೋಡೆ ಕಟ್ಟಿದ ಅಕ್ಕಯ್ಯಮ್ಮ

ಮೂಡಲಪಾಳ್ಯದ ಅಕ್ಕಯ್ಯಮ್ಮ ಗಾರೆ ಕೆಲಸದವಳು. ನಗರ ಬೆಳೆದು ವಿಜಯನಗರ ಬಡಾವಣೆಯಾಚೆಯ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲ ಅದು. ಗಂಡ ವೆಂಕಟಸ್ವಾಮಿ ಮೇಸ್ತ್ರಿ, ಇವಳು ಅವನಿಗೆ ಗಾರೆ ಕಲಸಿ ಹೊತ್ತು ಕೊಡುವವಳು. ಐವತ್ತು ದಾಟಿದ್ದರೂ ತುಂಬಿದ ಬಾಂಡ್ಲಿ ಹೊತ್ತು ಸಾರುವೆಯ ಹಲಗೆ ಮೇಲೆ ನಡೆದರೆ ಕತ್ತು ಅಲುಗುತ್ತಿರಲಿಲ್ಲ.

ಅವಳು ಹುಟ್ಟಿದ್ದು ಶಿರಾದಿಂದಾಚೆಯ ಹೊನ್ನೆಬಂಡೆಯಲ್ಲಿ. ಕುರುಚಲು ಗುಡ್ಡ, ಅದರ ಮೂಡಣ ಇಳಿಜಾರಿನಲ್ಲಿ ಚಿನ್ನದ ಗಣಿಯ ಬಾಯಿಗಳು, ಬುಡದಲ್ಲಿ ಹಳ್ಳ, ಹಳ್ಳದ ದಂಡೆಗೆ ಅದಿರು ಅರೆಯುವ ಗಿರಣಿ. ತಾತನ ಕಾಲದಲ್ಲಿ ಪರದೇಶದ ಕಂಪನಿಯೊಂದು ಬಂದು ಅಗೆಯಲು ಶುರುಮಾಡಿದ ಮೇಲೆ ಅಲ್ಲಿ ಸಾಲುಮನೆಗಳ ಕೂಲಿಲೈನು, ಸಂತೆ, ಸ್ಕೂಲು ಎಲ್ಲ ಆದವು. ಅಪ್ಪನ ಕೆಲಸ ಸುರಂಗ ಕುಸಿಯದಂತೆ ಮರದ ತೊಲೆಗಳನ್ನು ಆನಿಸುವುದು. ಅವನಿಗೆ ಬುತ್ತಿ ಒಯ್ಯುತ್ತ, ಇವತ್ತು ಈ ಬಾಯಿ ನಾಳೆ ಆ ಬಾಯಿ ಎಂದು ಅಲೆದು, ಗುಡ್ಡದ ದಾರಿಗಳೆಲ್ಲ ಹುಡುಗಿಯ ಕಾಲಿಗೆ ಪರಿಚಯವಾದವು. ಆಳಕ್ಕೆ ಇಳಿದಂತೆಲ್ಲ ಚಿನ್ನ ಕಡಿಮೆಯಾಯಿತು, ನೀರು ಹೆಚ್ಚಿತು. ಕಂಪನಿ ಒಂದು ದಿನ ಪಂಪು ಬಿಚ್ಚಿಕೊಂಡು ಹೊರಟಿತು. ಜನ ತಗಡು, ಬಾಗಿಲು ಕಿತ್ತು ಗಾಡಿಗೇರಿಸಿಕೊಂಡು ಚದುರಿದರು. ಅರೆದ ಕಲ್ಲಿನ ಬಿಳಿ ದಿಬ್ಬ ಉಳಿಯಿತು, ಬಾಯಿಗಳು ತೆರೆದೇ ಉಳಿದವು.

ಎಂಬತ್ಮೂರರ ಚಳಿಗಾಲದಲ್ಲಿ ಆ ಸೀಮೆಯ ರೇವಣಸಿದ್ದಪ್ಪ ಕಂಬಳಿ ಮಾರಲು ಮೂಡಲಪಾಳ್ಯಕ್ಕೆ ಬಂದ. ಅಕ್ಕಯ್ಯಮ್ಮ ಹೊನ್ನೆಬಂಡೆಯ ಹೆಸರೆತ್ತಿದ ಕೂಡಲೇ ಅವನ ಮುಖ ಬಾಡಿತು. ಅವನ ತಂಗಿ ಚಿಕ್ಕಗಂಗಮ್ಮ ಸೌದೆಗೆ ಹೋದವಳು ಲಂಟಾನ ಪೊದೆ ಮುಚ್ಚಿದ್ದ ಹಳೆಯ ಗಣಿಗುಂಡಿಯೊಂದಕ್ಕೆ ಜಾರಿ ಬಿದ್ದಿದ್ದಳಂತೆ. ಒಳಗೊಂದು ಹಳೆಯ ತೊಲೆ ತಡೆದು ಬದುಕಿದಳಂತೆ. ಹಗ್ಗ ಬಿಟ್ಟು ಎತ್ತಿದಾಗ ಕಾಲು ಮುರಿದಿತ್ತು.

ಅಕ್ಕಯ್ಯಮ್ಮನಿಗೆ ಆ ತೊಲೆಯ ಮಾತು ನಾಟಿತು. ಆನಿಸಿದ ಅಪ್ಪನ ಕೈ ಮಣ್ಣಾಗಿ ಎಷ್ಟೋ ವರ್ಷವಾಗಿದ್ದರೂ ತೊಲೆ ತನ್ನ ಕೆಲಸ ಮಾಡಿತ್ತು. ಉಳಿದ ಬಾಯಿಗಳಲ್ಲಿ ಅದೂ ಇಲ್ಲದಿದ್ದರೆ? ಗುಂಡಿಗಳ ಸುತ್ತ ಗೋಡೆ ಕಟ್ಟಿ ಬರೋಣವೆಂದು ಗಂಡನನ್ನು ಕೇಳಿದಳು.

"ಅದು ಸರ್ಕಾರದ ಜಾಗ ಕಣೇ. ನಾವ್ಯಾಕೆ ಹೋಗಿ ಕಟ್ಬೇಕು?" ಎಂದ ವೆಂಕಟಸ್ವಾಮಿ.

"ಜಾಗ ಯಾರದ್ದಾದ್ರೂ ಆಗ್ಲಿ. ನಮ್ಮಪ್ಪ ಇಳಿದ ಗುಂಡಿ ಅದು."

ಮಾರೇನಹಳ್ಳಿಯಲ್ಲಿ ಹೂ ಮಾರುತ್ತಿದ್ದ ಬಾಲ್ಯದ ಗೆಳತಿ ಇಂದ್ರಮ್ಮನನ್ನು ಹಿಡಿದಳು. ರಾಜಾಜಿನಗರದ ಕಾರ್ಖಾನೆ, ಕೆಂಗೇರಿಯ ಇಟ್ಟಿಗೆ ಗೂಡು, ಎಲ್ಲೆಲ್ಲಿ ಹೊನ್ನೆಬಂಡೆಯವರಿದ್ದರೋ ಅಲ್ಲೆಲ್ಲ ಇಬ್ಬರೂ ಅಲೆದರು. ಆ ಊರಿನ ಸಹವಾಸವೇ ಬೇಡವೆಂದವರೂ ಇದ್ದರು. ಅಕ್ಕಯ್ಯಮ್ಮ ವಾದ ಮಾಡಲಿಲ್ಲ. ಮುಂದಿನ ವಾರ ಮತ್ತೆ ಅದೇ ಬಾಗಿಲಲ್ಲಿ ನಿಂತಳು. ಯುಗಾದಿ ಕಳೆದು ಕೆಲಸ ಸಡಿಲವಾದಾಗ ಹಾರೆ, ಕರಣೆ ಹಿಡಿದ ಗುಂಪೊಂದು ಶಿರಾ ಬಸ್ಸು ಹತ್ತಿತು. ಗೊಣಗುತ್ತಲೇ ವೆಂಕಟಸ್ವಾಮಿಯೂ ಹತ್ತಿದ.

ಗುಡ್ಡದಲ್ಲಿ ಅಕ್ಕಯ್ಯಮ್ಮನೇ ಮುಂದೆ. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಗಂಡನ ಕೈಯಲ್ಲಿ. ಉದ್ದನೆಯ ಕೋಲಿನಿಂದ ನೆಲ ಕುಟ್ಟುತ್ತ ಲಂಟಾನದೊಳಗೆ ನುಗ್ಗಿ ಒಂದೊಂದೇ ಬಾಯಿ ತೋರಿಸಿದಳು. ಕಲ್ಲಿಗೆ ಕೂಲಿಲೈನಿನ ಬಿದ್ದ ಗೋಡೆಗಳಿದ್ದವು. ಆದರೆ ತಮ್ಮ ತಮ್ಮ ಮನೆಯ ಕಲ್ಲಿಗೆ ಕೈ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಅಕ್ಕಯ್ಯಮ್ಮ ತನ್ನ ಮನೆಯಿದ್ದ ಜಾಗ ಗುರುತಿಸಿ, ಹೊಸ್ತಿಲಿಗೆ ನಮಸ್ಕಾರ ಮಾಡಿ, ಮೀಟಿ ಎಬ್ಬಿಸಿದಳು. ಆಮೇಲೆ ಉಳಿದವರ ಕೈಗಳು ಮುಂದೆ ಬಂದವು.

ಕೊನೆಯ ಬಾಯಿ ಮಾತ್ರ ಸಿಗಲಿಲ್ಲ. ಹಳ್ಳ ದಿಕ್ಕು ಬದಲಿಸಿತ್ತು, ಅವಳ ಗುರುತುಗಳೆಲ್ಲ ತಪ್ಪಿದವು. ದಿನವೆಲ್ಲ ಹುಡುಕಿ ಸೋತು ಕುಳಿತಾಗ, ಪಕ್ಕದಲ್ಲೊಂದು ಹುಣಸೆಮರ ಇತ್ತಲ್ಲವೇ ಎಂದು ಇಂದ್ರಮ್ಮ ನೆನಪಿಸಿದಳು. ಮರ ಹೋಗಿತ್ತು, ಮೋಟು ಸಿಕ್ಕಿತು. ಅದರ ಆಚೆಯೇ ಗುಂಡಿ. ಅಷ್ಟು ಹೊತ್ತಿಗೆ ವೆಂಕಟಸ್ವಾಮಿಯ ಗೊಣಗಾಟವೂ ನಿಂತಿತ್ತು. ಎದೆಮಟ್ಟ ಸಾಕೆಂದರೂ ಕೇಳದೆ ಆ ಗೋಡೆಗೆ ಇನ್ನೊಂದು ವರಸೆ ಕಲ್ಲು ಏರಿಸಿದ. ಚಿಕ್ಕಗಂಗಮ್ಮ ಕುಂಟುತ್ತಲೇ ಬಂದು ಎಲ್ಲರಿಗೂ ಮುದ್ದೆ, ಹುರುಳಿ ಸಾರು ಬಡಿಸಿದಳು.

ಮರುವರ್ಷ ರೇವಣಸಿದ್ದಪ್ಪ ಮತ್ತೆ ಬಂದ. ಗುಡ್ಡಕ್ಕೆ ಕುರಿ ಬಿಡಲು ಈಗ ಯಾರೂ ಅಂಜುವುದಿಲ್ಲ ಎಂದ.

"ಹೆಂಗಸ್ರು ಆ ಗೋಡೆ ಮೇಲೆ ಸೌದೆ ಹೊರೆ ಇಳಿಸಿ ದಣಿವಾರಿಸ್ಕೋತಾರೆ ಕಣಕ್ಕಾ."

ಅಕ್ಕಯ್ಯಮ್ಮನಿಗೆ ಹೊಸ ಚಿಂತೆ ಹತ್ತಿತು. ಗುಂಡಿಯ ಮಗ್ಗುಲಲ್ಲೇ ಹೊರೆ ಇಳಿಸುವುದೆಂದರೇನು? ಭಾರಕ್ಕೆ ಕಲ್ಲು ಜಾರಿದರೆ? ಆ ಬೇಸಿಗೆಯಲ್ಲಿ ಗಂಡನನ್ನು ಕರೆದುಕೊಂಡು ಹೋಗಿ, ಗುಡ್ಡದ ಬುಡದಲ್ಲಿ, ಕಾಲುದಾರಿಯ ಪಕ್ಕಕ್ಕೆ, ಹೊರೆ ಇಳಿಸಲೆಂದೇ ಒಂದು ಕಲ್ಲುಕಟ್ಟೆ ಕಟ್ಟಿಸಿ ಬಂದಳು.