ಡ್ಯೂಸೆಲ್ಡಾರ್ಫ್ ರೈಲಿನಲ್ಲಿ ನಾಲ್ಕು ಸಲ ಎದ್ದು ನಿಂತವರು

ಈ ಪ್ರಯಾಣದ ಬಗ್ಗೆ ಬರೆಯಲು ಎಷ್ಟೋ ಸಲ ಕೂತು, ಏನೂ ಬರೆಯದೆ ಎದ್ದಿದ್ದೇನೆ. ಈಗ ವಯಸ್ಸಾಯಿತು, ಇನ್ನು ಮುಂದೂಡುವಂತಿಲ್ಲ.

೧೯೬೩ರ ಮಾರ್ಚ್. ನ್ಯೂರೆಂಬರ್ಗಿನ ಕಾರ್ಖಾನೆಯಲ್ಲಿ ತರಬೇತಿಗಿದ್ದ ನಾನೂ ಹುಬ್ಬಳ್ಳಿಯ ಬಸವರಾಜನೂ ಯಂತ್ರಗಳ ಪ್ರದರ್ಶನ ನೋಡಲು ಬೆಳಗಿನ ರೈಲಿನಲ್ಲಿ ಡ್ಯೂಸೆಲ್ಡಾರ್ಫಿಗೆ ಹೊರಟೆವು. ಆರು ತಾಸಿನ ದಾರಿ. ಹೊರಗೆ ಹಿಮ ಕರಗಿದ ಕೆಸರು. ಅದೇ ಬೋಗಿಯಲ್ಲಿ ನಮ್ಮ ಹಾಸ್ಟೆಲಿನ ಅಡುಗೆಯ ಚೀನೀ ಮುದುಕರೊಬ್ಬರಿದ್ದರು. ಡ್ಯೂಸೆಲ್ಡಾರ್ಫಿನಲ್ಲಿ ಬೇರೆ ಕೆಲಸ ಸಿಕ್ಕಿ ನಮ್ಮನ್ನು ಬಿಟ್ಟು ಹೋಗುತ್ತಿದ್ದರು. ಎರಡು ವರ್ಷ ನಮಗೆಂದೇ ಮಾಂಸ ತಾಗದ ಪಾತ್ರೆ ಬೇರೆ ಇಟ್ಟು ಅನ್ನ ಮಾಡಿದವರು.

ಊಟದ ಡಬ್ಬಿ ಬಿಚ್ಚಿ ನಮಗೂ ಕೊಟ್ಟು, ತಮ್ಮ ಹರಕು ಜರ್ಮನ್‌ನಲ್ಲಿ ಹಳೆಯದನ್ನು ಹೇಳಿದರು. ಹದಿನೈದಕ್ಕೇ, ಪ್ರಾಂತ್ಯವೊಂದನ್ನು ಸ್ವಂತ ಸೈನ್ಯ ಕಟ್ಟಿಕೊಂಡು ಆಳುತ್ತಿದ್ದ ಸೇನಾಧಿಪತಿಯ ಬಳಿ ಸೇರಿದ್ದರಂತೆ. ಅವನು ಸೋತ, ಇವರು ತೋಳಿನ ಪಟ್ಟಿ ಬದಲಿಸಿ ಗೆದ್ದವನ ಕಡೆ ಹೋದರು. ಒಂದೇ ವರ್ಷದಲ್ಲಿ ಮೂರು ಪಟ್ಟಿ. ಕೊನೆಗೆ ರಾಷ್ಟ್ರೀಯ ಪಕ್ಷದ ಸೈನ್ಯ.

"ಮೊದಲ ಸಲ ಬೂಟು ಕೊಟ್ಟದ್ದು ನಮ್ಮ ಮಹಾಸೇನಾನಿ," ಎನ್ನುತ್ತಲೇ ಎದ್ದು ಅಟೆನ್ಶನ್ ನಿಂತರು. ಪಕ್ಷದ ಆ ಪರಮನಾಯಕರ ಪ್ರಸ್ತಾಪ ಬಂದಾಗ ಸೈನಿಕ ಕೂತಿರಬಾರದಂತೆ. ಗುಂಡು ತಗುಲಿದ್ದ ಮಂಡಿ. ಕೂರುವಾಗ ಮುಖ ಕಿವುಚಿದರು.

ಬಸವರಾಜ ನನ್ನ ಕಿವಿಯಲ್ಲಿ, "ನೀ ಆ ಮಾತು ಇನ್ನೊಮ್ಮೆ ಅನ್ನು ಲೇ. ಮತ್ತ ಏಳತಾನೇನು ನೋಡೂಣು," ಎಂದ.

"ಮಹಾಸೇನಾನಿ ಈಗ ಎಲ್ಲಿದ್ದಾರೆ?" ಎಂದೆ. ಎದ್ದರು. "ತೈವಾನ್," ಎಂದು ಕೂತರು. ಫ್ರಾಂಕ್‌ಫರ್ಟ್ ದಾಟಿದ ಮೇಲೆ ಮತ್ತೆ ಕೇಳಿದೆ. ಎದುರಿನ ಜರ್ಮನ್ ಹೆಂಗಸರೂ ನಕ್ಕರು. ನಮ್ಮ ಗಡಿಯಲ್ಲಿ ಯುದ್ಧ ನಿಂತು ನಾಲ್ಕೇ ತಿಂಗಳು. ಚೀನದವನೊಬ್ಬನನ್ನು ಕುಣಿಸುವುದು ದೇಶಸೇವೆ ಎನಿಸಿತ್ತು. ನಮ್ಮ ಮೇಲೆ ಯುದ್ಧಕ್ಕೆ ಬಂದ ಆ ಕಮ್ಯುನಿಸ್ಟ್ ಸರ್ಕಾರವೇ ಇವರ ಪಕ್ಷವನ್ನು ಸೋಲಿಸಿ ಇವರನ್ನೂ ಊರು ಬಿಡಿಸಿತ್ತು. ಅದು ಗೊತ್ತಿದ್ದೂ ಕೇಳಿದೆ.

ನಾಲ್ಕನೆಯ ಸಲಕ್ಕೆ ರೈಲು ರೈನ್ ನದಿಯ ಪಕ್ಕ ವಾಲುತ್ತಾ ಓಡುತ್ತಿತ್ತು. ಸಾಮಾನಿನ ಕಂಬಿ ಹಿಡಿದು ಎದ್ದರು.

"ಬೇಕೆಂದೇ ಕೇಳುತ್ತೀಯ, ಗೊತ್ತು. ಆದರೆ ನಾನು ಬದಲಿಸದ ಪಟ್ಟಿ ಇದೊಂದೇ."

ಮತ್ತೆ ಕೂರಲಿಲ್ಲ. ಬೋಗಿಯ ಓಣಿಗೆ ಹೋಗಿ ಡ್ಯೂಸೆಲ್ಡಾರ್ಫಿನವರೆಗೂ ನಿಂತೇ ಬಂದರು. ಕುಂಟುತ್ತಾ ಇಳಿದು ಹೋದರು. ಸೀಟಿನ ಮೇಲೆ ಡಬ್ಬಿ ಉಳಿದಿತ್ತು. ಕೂಗಿ ಕೊಡಬಹುದಿತ್ತು. ಏನೆಂದು ಕೂಗುವುದು? ಹಾಸ್ಟೆಲಿನಲ್ಲಿ ಎಲ್ಲರಿಗೂ ಅವರು ಬರೀ 'ಮುದುಕ'.

ಪ್ರದರ್ಶನದಲ್ಲಿ ಕಂಡ ಒಂದು ಯಂತ್ರವೂ ನೆನಪಿಲ್ಲ. ಮೂರನೆಯ ದಿನ ಅದೇ ದಾರಿಯಲ್ಲಿ ಮರಳುವಾಗ ಬಸವರಾಜ ನಿದ್ದೆ ಹೋಗಿದ್ದ. ಖಾಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅದನ್ನು ಮಗುಚಿ ನೋಡಿದೆ. ತಳದಲ್ಲಿ ಮೊಳೆಯಿಂದ ಕೆತ್ತಿದ ರೋಮನ್ ಅಕ್ಷರಗಳಿದ್ದವು, ಎರಡು ವರ್ಷ ಅವರ ಕೈಯ ಅನ್ನ ಉಂಡೂ ನಾನು ಕೇಳದೇ ಇದ್ದ ಹೆಸರು: ವಾಂಗ್ ದೆಶಾನ್.