ನೀಲಿಯಾಗದ ನಳಿಕೆ

ಸ್ಟೀಲ್ ಬಟ್ಟಲಿನ ಒಳಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು. ಕಂಡರೂ ನಾನು ಲಕ್ಷ್ಯ ಕೊಡಲಿಲ್ಲ. ನನ್ನ ಕಣ್ಣೆಲ್ಲ ಅದರಲ್ಲಿ ಅದ್ದಿದ್ದ ನಳಿಕೆಯ ಮೇಲಿತ್ತು. ಅದು ನೀಲಿಯಾಗಬೇಕಿತ್ತು, ಹಳದಿಯಾಗಿಯೇ ಉಳಿದಿತ್ತು.

2003ರ ಬೇಸಿಗೆ. ಎಂ.ಎಸ್ಸಿ. ಮುಗಿಸಿ ಬಿಜಾಪುರದ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಸಿಂದಗಿಯ ನಮ್ಮ ಮನೆಯಲ್ಲಿ ನನ್ನ ಕೆಲಸಕ್ಕೆ ‘ಅಂಟು ಕುದಿಸೂದು’ ಎಂದು ಹೆಸರು. ತೀರಾ ತಪ್ಪಲ್ಲ. ಹುಣಸೆ ಬೀಜದಿಂದ ತೆಗೆದ ಕಾರ್ಬೋಹೈಡ್ರೇಟ್‌ನಿಂದ ನಾವು ಹೈಡ್ರೋಜೆಲ್ ಲೇಪನ ತಯಾರಿಸುತ್ತಿದ್ದೆವು. ಶರಬತ್ತಿನಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ಉಬ್ಬುತ್ತದಲ್ಲ, ಹೈಡ್ರೋಜೆಲ್ ಕೂಡ ಹಾಗೆಯೇ ನೀರು ಕುಡಿದು ಉಬ್ಬುತ್ತದೆ, ಕರಗುವುದಿಲ್ಲ. ಅದನ್ನು ಕ್ಯಾಥೆಟರ್, ಅಂದರೆ ರೋಗಿಗೆ ಹಾಕುವ ಮೂತ್ರನಳಿಕೆಯ ಮೇಲೆ ತೆಳ್ಳಗೆ ಹಚ್ಚಿ, ಬಣ್ಣ ಬದಲಿಸುವ ಇಂಡಿಕೇಟರ್ ಸೇರಿಸಿದ್ದೆವು. ಕೆಲವು ಸೋಂಕುಗಳಲ್ಲಿ ಮೂತ್ರ ಕ್ಷಾರವಾಗಿ, ಲವಣ ಕಟ್ಟಿ ನಳಿಕೆ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲೇ ಲೇಪನ ನೀಲಿಯಾಗಿ ನರ್ಸಿಗೆ ಸುಳಿವು ಕೊಡಬೇಕು.

ಪ್ರಯೋಗಾಲಯದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಮುಂದಿನ ಹಂತಕ್ಕೆ ರೋಗಿಗಳ ಮೂತ್ರದ ಮಾದರಿ ಬೇಕಿತ್ತು. ಇಂಡಿ ಪಟ್ಟಣದ ಸಣ್ಣ ಆಸ್ಪತ್ರೆಯೊಂದರ ಡಾ. ಇನಾಮದಾರರು, ಮೊದಲು ತಮ್ಮ ಕಣ್ಣೆದುರು ತೋರಿಸಬೇಕು ಎಂದಿದ್ದರು. ಅವರು ಒಪ್ಪದಿದ್ದರೆ ಈ ಕೆಲಸ ನಿಲ್ಲಿಸಿ ನನ್ನನ್ನು ಬೇರೆ ಪ್ರಾಜೆಕ್ಟಿಗೆ ಹಾಕುವುದಾಗಿ ನನ್ನ ಗೈಡ್ ತಿಳಿಸಿದ್ದರು.

ಇಂಡಿ ಬಸ್ಸಿನಲ್ಲಿ ನನ್ನ ಬೀಕರ್ ಒಡೆಯಿತು. ಆಸ್ಪತ್ರೆಯ ಆಯಾ ನೀಲವ್ವ ಥಳಥಳ ಹೊಳೆಯುವ ಬಟ್ಟಲು ತಂದುಕೊಟ್ಟಳು. ಒಯ್ದಿದ್ದ ತೆಳು ಅಡುಗೆಸೋಡಾ ದ್ರಾವಣವನ್ನು ಅದಕ್ಕೆ ಸುರಿದು ನಳಿಕೆ ಅದ್ದಿದೆ. ಸೋಡಾ ಕ್ಷಾರ, ಬಣ್ಣ ತಿರುಗಲೇಬೇಕು.

ಡಾಕ್ಟರು ಬಗ್ಗಿ ನೋಡಿದರು. “ಇದು ನಮ್ಮ ಕಂಪೌಂಡರ್ ಇದ್ದಂಗ ಐತಲ್ರಿ. ಎಷ್ಟ್ ಕರದ್ರೂ ಓ ಅನ್ನಾಂಗಿಲ್ಲ!”

“ಇನ್ನೊಂದು ಸಲ ನೋಡ್ತೇನ್ರಿ,” ಎಂದೆ.

“ನೋಡ್ರಿ. ಚಾ ಬರೂತನಕ ಟೈಮ್ ಐತಿ.”

ಬಟ್ಟಲು ಖಾಲಿ ಮಾಡುವಾಗ ಆ ಗುಳ್ಳೆಗಳು ಮತ್ತೆ ಕಂಡವು. ಸೋಡಾದಲ್ಲಿ ಗುಳ್ಳೆ ಏಳಬೇಕಾದರೆ ಹುಳಿ ಸೇರಿರಬೇಕು. ಬಟ್ಟಲನ್ನು ಮೂಗಿನ ಹತ್ತಿರ ತಂದೆ.

“ನೀಲವ್ವಾ, ಇದನ್ನ ಯಾತರಿಂದ ತಿಕ್ಕೀರಿ?”

“ಲಿಂಬಿಹಣ್ಣಿಂದ್ರಿ! ಬಿಜಾಪುರದಿಂದ ಮೇಡಂ ಬರ್ತಾರಂದ್ರು, ಅರ್ಧ ಹಣ್ಣು ಹಿಂಡಿ ತಿಕ್ಕೀನಿ. ಮಾರಿ ಕಾಣ್ತೈತಿ ನೋಡ್ರಿ, ಕನ್ನಡಿ ಆಗೈತಿ.”

“ಆಮ್ಯಾಲ ತೊಳೀಲಿಲ್ಲೇನು?”

“ಅಯ್ಯ, ಈ ಬೋರಿನ ನೀರಾಗ ತೊಳದ್ರ ಬಿಳಿ ಕಲಿ ಬೀಳ್ತಾವ್ರಿ. ಹಂಗ ಒಣಗಾಕ ಬಿಟ್ಟೀನಿ.”

ಡಾಕ್ಟರು ನಗತೊಡಗಿದರು. ನಾನು ಚಹಾದ ಗಾಜಿನ ಲೋಟವೊಂದನ್ನು ಕೇಳಿ ಪಡೆದು, ನನ್ನ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಉಳಿದ ದ್ರಾವಣ ಹಾಕಿ ಹೊಸ ನಳಿಕೆ ಇಳಿಸಿದೆ. ತುದಿ ಮೊದಲು ಹಸಿರಾಯಿತು. ಚಹಾ ಬರುವಷ್ಟರಲ್ಲಿ ಅಚ್ಚ ನೀಲಿ.

“ಯವ್ವಾ, ಶಾಯಿ ಆತಲ್ಲ!” ಎಂದಳು ನೀಲವ್ವ.

ಡಾಕ್ಟರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಅಂದ್ರ ಆಗಲೂ ಇದು ಖರೇನ ಹೇಳಿತ್ತು. ನಾವು ಹುಳಿಯೊಳಗ ಮುಳುಗಿಸಿ ಕ್ಷಾರ ಅನ್ನು ಅಂದ್ರ ಹೆಂಗ ಅಂದೀತು? ಆತ್ರಿ, ಮಾದರಿ ಒಯ್ರಿ. ಆದ್ರ ನಾ ಹೇಳೂತನಕ ರೋಗಿ ಮೈಗೆ ಮುಟ್ಟಸಾಂಗಿಲ್ಲ.”

“ಮುಟ್ಟಸಾಂಗಿಲ್ರಿ,” ಎಂದೆ. ಆಗ ಕುಡಿದ ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಅಂಥ ರುಚಿಯ ಚಹಾ ಮತ್ತೆ ಕುಡಿದಿಲ್ಲ.

ಉಪಕರಣ ಸುಳ್ಳು ಹೇಳಿತು ಎನ್ನುವ ಮೊದಲು ಅದನ್ನು ಎಲ್ಲಿ ಇಟ್ಟಿದ್ದೇವೆಂದು ನೋಡುವುದನ್ನು ಆ ದಿನ ಕಲಿತೆ. ನಮ್ಮ ಲೇಪನ ಕೆಲಸ ಮಾಡಬೇಕಾದದ್ದು ಪ್ರಯೋಗಾಲಯದ ತೊಳೆದ ಗಾಜಿನಲ್ಲಲ್ಲ, ಬೋರಿನ ನೀರು ಮತ್ತು ಲಿಂಬೆಹಣ್ಣಿನ ಊರುಗಳಲ್ಲಿ.

ಹೊರಡುವಾಗ ನೀಲವ್ವ ಪೇಪರಿನಲ್ಲಿ ಲಿಂಬೆಹಣ್ಣು ಕಟ್ಟಿಕೊಟ್ಟಳು. ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದವಳೇ ಒಂದನ್ನು ಕೊಯ್ದು, ಮುಂದಿನ ಪರೀಕ್ಷೆಗೆಂದು ಹೊಸ ಬೀಕರಿನ ಒಳಗೆ ಚೆನ್ನಾಗಿ ತಿಕ್ಕಿ, ತೊಳೆಯದೆ, ಒಣಗಲು ಕಿಟಕಿಯಲ್ಲಿಟ್ಟೆ.